ಭಾನುವಾರದ ನೂಲು

ಅರಸೀಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಆರು ತಿಂಗಳಿಂದ ಪೆಟ್ಟಿಗೆ ಚರಕದಲ್ಲಿ ನೂಲುತ್ತಿದ್ದೇನೆ. ಪ್ರತಿ ಭಾನುವಾರ ಮೂರು ಗಂಟೆ ಕೂರುತ್ತೇನೆ. ಎಳೆ ಒಂದು ಕಡೆ ಕೂದಲು, ಇನ್ನೊಂದು ಕಡೆ ಹಗ್ಗ, ಗಳಿಗೆಗೊಮ್ಮೆ ಕಡಿಯುತ್ತದೆ. ಹತ್ತು ದಿನದ ಶಿಬಿರ ಸೇರಲೇ, ಹೊಸ ಚರಕ ಕೊಳ್ಳಲೇ?"

ಮೇಷ್ಟ್ರೇ, ಎರಡೂ ಬೇಡ. ಶಿಬಿರವನ್ನು ಹಳಿಯುತ್ತಿಲ್ಲ, ಹಂಜಿ, ಎಂದರೆ ನೂಲಲು ಸುರುಳಿ ಮಾಡಿದ ಹತ್ತಿ, ಹಿಡಿಯುವುದನ್ನೂ ನೂಲು ಸುತ್ತುವ ಕಡ್ಡಿಯಾದ ಕದಿರನ್ನು ನೇರ ಮಾಡುವುದನ್ನೂ ಬಲ್ಲವರಿಂದಲೇ ಕಲಿಯಬೇಕು. ಅದಕ್ಕೆ ಅರ್ಧ ದಿನ ಸಾಕು. ನಾನೂ ಒಮ್ಮೆ ಹತ್ತು ದಿನದ ಶಿಬಿರ ಮುಗಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಚರಕವನ್ನು ಅಟ್ಟಕ್ಕೇರಿಸಿದವನು. ಮೂರು ತಿಂಗಳ ಮೇಲೆ ಇಳಿಸಿ ಕೂತರೆ ಚಕ್ರ ತಿರುಗಿಸುವ ಬಲಗೈಗೂ ಎಳೆ ಎಳೆಯುವ ಎಡಗೈಗೂ ಮಾತುಕತೆಯೇ ನಿಂತುಹೋಗಿತ್ತು. ಪ್ರಮಾಣಪತ್ರ ಈಗಲೂ ಗೋಡೆಯ ಮೇಲಿದೆ.

ನಿಮ್ಮ ನೂಲಿನ ರೋಗವೂ ಅದೇ. ಹುರಿ, ಎಂದರೆ ಎಳೆಗೆ ಬೀಳುವ ತಿರುಚು, ಯಾವಾಗಲೂ ತೆಳುವಾದ ಕಡೆಗೆ ಓಡುತ್ತದೆ. ದಪ್ಪ ಉಳಿದಲ್ಲಿ ಹುರಿ ಏರದೆ ಎಳೆ ಬಿಚ್ಚಿಕೊಳ್ಳುತ್ತದೆ. ತೆಳುವಾದಲ್ಲಿ ಹುರಿ ಅತಿಯಾಗಿ ಪಟ್ಟನೆ ಕಡಿಯುತ್ತದೆ. ಚಕ್ರ ಇಷ್ಟು ತಿರುಗಿದರೆ ಕೈ ಎಷ್ಟು ಹಿಂದೆ ಸರಿಯಬೇಕು ಎಂಬುದು ಬೆರಳಿಗೇ ಗೊತ್ತಿರಬೇಕು. ನಿಮ್ಮ ಭಾನುವಾರದ ಮೊದಲ ಗಂಟೆ ಹೋದ ವಾರದ್ದನ್ನು ನೆನಪಿಸಿಕೊಳ್ಳುವುದರಲ್ಲಿ ಹೋಗುತ್ತದೆ, ಕೊನೆಯದು ಬೆನ್ನುನೋವಿನಲ್ಲಿ.

1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನ, ಕಾಂಗ್ರೆಸ್ ಸದಸ್ಯರಾಗಲು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂದು ಗೊತ್ತುಮಾಡಿತು. ದಿನಕ್ಕೆ ಹಂಚಿದರೆ 70 ಗಜವೂ ಇಲ್ಲ, ಅರ್ಧ ಗಂಟೆಯ ಕೆಲಸ. ಮರುವರ್ಷವೇ ನಿಯಮ ಸಡಿಲವಾಯಿತು. ದೇಶಕ್ಕಾಗಿ ಜೈಲಿಗೆ ಹೋಗಲು ಸಿದ್ಧರಿದ್ದವರಿಗೂ ದಿನದ ಅರ್ಧ ಗಂಟೆ ಭಾರವಾಯಿತು ನೋಡಿ!

ಬೀರೂರಿನಾಚೆಯ ಒಂದು ಹಟ್ಟಿಯಲ್ಲಿ ಕಂಬಳಿಗೆ ಉಣ್ಣೆ ನೂಲುವ ಅಜ್ಜಿಯೊಬ್ಬರನ್ನು ಕಂಡಿದ್ದೆ. ಕಣ್ಣು ನನ್ನ ಮೇಲೆ, ಬಾಯಿ ಸೊಸೆಯ ಮೇಲೆ. ಎಳೆ ಮಾತ್ರ ಕಡಿಯಲೊಲ್ಲದು. ಆಸೆಯಾಗಿ ನಾನು ಕೈ ಹಾಕಿದೆ, ಕಡಿಯಿತು. ಅಜ್ಜಿ ಎಂಜಲು ಹಚ್ಚಿ ಹೊಸೆದು ಸೇರಿಸಿ ಸೊಸೆಯ ಕಥೆ ಮುಂದುವರಿಸಿದರು. ಹನ್ನೆರಡನೆಯ ಶತಮಾನದ ವಚನಕಾರ್ತಿ, ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ರಾಟೆಯ ಅಡಿಯ ಹಲಗೆಯನ್ನು ಬ್ರಹ್ಮನೆಂದೂ ತೋರಣವನ್ನು ವಿಷ್ಣುವೆಂದೂ ಕಂಡು ವಚನ ಕಟ್ಟಿದಳು. ನಿತ್ಯ ಅದರ ಮುಂದೆ ಕೂತವಳಿಗಲ್ಲದೆ ಹಲಗೆ ಹಾಗೆ ಕಂಡೀತೇ?

ನಿಮಗೆ ಇದನ್ನು ಹೇಳಬೇಕಾಗಿ ಬಂದದ್ದೇ ಸೋಜಿಗ. ದಿನಕ್ಕೊಂದು ಪುಟ ಕಾಪಿ ಬರೆಸಿದವರು ನೀವು. ವಾರದ್ದೆಲ್ಲವನ್ನೂ ಭಾನುವಾರ ರಾತ್ರಿ ಗೀಚಿ ತಂದ ಹುಡುಗನ ಕಿವಿ ಹಿಂಡಿರಲಿಲ್ಲವೇ? ಈಗಂತೂ ಎಲ್ಲರೂ ಆ ಹುಡುಗರೇ. ಮೂರು ದಿನದಲ್ಲಿ ಯೋಗ, ಒಂದು ತಿಂಗಳಲ್ಲಿ ಇಂಗ್ಲಿಷ್, ಅಕ್ಟೋಬರ್ 2ರಂದು ಖಾದಿ. ನಮ್ಮ ಕಚೇರಿಗೆ ಯುಗಾದಿ ವಿಶೇಷಾಂಕದ ಹೊತ್ತಿಗೆ ಕವಿತೆಗಳು ಮೂಟೆಯಲ್ಲಿ ಬರುತ್ತವೆ. ಉಳಿದ ಹನ್ನೊಂದು ತಿಂಗಳು ಈ ಕವಿಗಳು ಒಂದು ಸಾಲೂ ಬರೆಯುವುದಿಲ್ಲವೆಂದು ಮೊದಲ ಪದ್ಯದಲ್ಲೇ ತಿಳಿಯುತ್ತದೆ. ಎಲ್ಲವೂ ನಿಮ್ಮ ನೂಲಿನಂತೆಯೇ: ಕೂದಲು, ಹಗ್ಗ, ಕೂದಲು.

ಇರಲಿ. ನಾಳೆಯಿಂದ ಬೆಳಗ್ಗೆ ಕಾಫಿಗೆ ಮುಂಚೆ ಇಪ್ಪತ್ತು ನಿಮಿಷ ಕೂರಿ. ನಿಮ್ಮೂರಿನ ಒಣಗಾಳಿಯಲ್ಲಿ ಹತ್ತಿಯ ಎಳೆ ಬೇಗ ಕಡಿಯುತ್ತದೆ, ತಂಪು ಹೊತ್ತೇ ಲೇಸು. ವಾರಕ್ಕೊಂದು ಎಳೆಯನ್ನು ರಟ್ಟಿಗೆ ಸುತ್ತಿ ತಾರೀಖು ಬರೆದಿಡಿ. ದೀಪಾವಳಿ ಸಂಚಿಕೆಯ ಹೊತ್ತಿಗೆ ಆ ರಟ್ಟನ್ನು ಲಕೋಟೆಯಲ್ಲಿಟ್ಟು ನನಗೆ ಕಳುಹಿಸಿ. ಜೊತೆಗೆ ಕವಿತೆ ಬೇಡ.

— ಸಂ.