ಗದಗಿನ ತಂಗಿಗೆ, ಹಿತ್ತಲಿನ ಚಿಪ್‌ಮಂಕ್ ವಿಷಯ

ತಂಗೀ, ನೀನು ಬರೆದದ್ದು ಓದಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಬಂದು ಎಂಟು ತಿಂಗಳಾಯಿತು, ಹಿತ್ತಲಿರುವ ಮನೆ ಸಿಕ್ಕಿದೆ, ಗದಗಿನಿಂದ ಅಮ್ಮ ಬಂದಿದ್ದಾರೆ, ಇಂಡಿಯನ್ ಅಂಗಡಿಯಲ್ಲಿ ತಂದ ಮೆಂತ್ಯ ಬಿತ್ತಿದರೆ ಮರುದಿನವೇ ಮಡಿಯೆಲ್ಲ ಕೆದರಿರುತ್ತದೆ, ಪಟ್ಟೆ ಪಟ್ಟೆಯ ಅಳಿಲೊಂದು ಕಲ್ಲಿನ ಮೇಲೆ ಕೂತು ನೋಡುತ್ತಿರುತ್ತದೆ, ವಿಷ ಇಡಲೇ ಅಕ್ಕಾ ಅಂತ ಕೇಳಿದ್ದೀಯ. ವಿಷ ಬೇಡ. ವಿಷ ತಿಂದದ್ದನ್ನು ಗಿಡುಗ, ಗೂಬೆ, ನರಿ, ಪಕ್ಕದ ಮನೆಯ ಬೆಕ್ಕು ಹಿಡಿದು ತಿಂದರೆ ಅವುಗಳ ಹೊಟ್ಟೆಗೂ ಅದೇ ಹೋಗುತ್ತದೆ.

ನಾನು ಧಾರವಾಡದವಳು. ಇಲ್ಲಿಗೆ ಬಂದು 19 ವರ್ಷ. ಮೊದಲ ಮೂರು ಬೇಸಿಗೆ ನಾನೂ ಹೀಗೇ ಒದ್ದಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಅದು ನಮ್ಮೂರ ಅಳಿಲಲ್ಲ ಅಂತ ತಿಳಿದುಕೋ. ನಮ್ಮ ಅಳಿಲು ಮರದಲ್ಲಿ ಗೂಡು ಕಟ್ಟುತ್ತದೆ. ಈ ಚಿಪ್‌ಮಂಕ್ ನೆಲದೊಳಗೆ ಇರುತ್ತದೆ. ಬೆನ್ನಿನ ಮೇಲೆ ಐದು ಕಪ್ಪು ಗೆರೆ, ಮುಖದ ಮೇಲೂ ಗೆರೆ, ತೂಕ 100 ಗ್ರಾಂ ಆಸುಪಾಸು. ನಮ್ಮ ಕಡೆ ಹಿಂದೆ ಜೋಳ ತುಂಬಿಡಲು ನೆಲದೊಳಗೆ ಹಗೇವು ತೆಗೆಯುತ್ತಿದ್ದರಲ್ಲ, ನಿನ್ನ ಅಮ್ಮನಿಗೆ ಹೇಳು, ತಕ್ಷಣ ಗೊತ್ತಾಗುತ್ತದೆ, ಇದರ ಬಿಲ ಥೇಟ್ ಅದೇ ಲೆಕ್ಕ. ಬಾಯಿ ಎರಡೇ ಇಂಚು, ಒಳಗೆ ಎರಡು ಮೂರು ಅಡಿ ಆಳ, ಕೆಲವು 20 ಅಡಿಗೂ ಉದ್ದ, ನಡುವೆ ಕಾಳು ಕೂಡಿಡುವ ಕೋಣೆಗಳು. ಬಿಲದ ಬಾಯಲ್ಲಿ ಒಂದು ಹಿಡಿ ಮಣ್ಣೂ ಕಾಣುವುದಿಲ್ಲ, ಯಾಕೆಂದರೆ ತೋಡಿದ ಮಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ದೂರ ಚೆಲ್ಲಿ ಬರುತ್ತದೆ. ಚಳಿಗಾಲವಿಡೀ ಒಂದೇ ನಿದ್ದೆ ಮಾಡುವುದೂ ಇಲ್ಲ. ಕೆಲವು ದಿನಕ್ಕೊಮ್ಮೆ ಎದ್ದು ಕೂಡಿಟ್ಟದ್ದನ್ನು ತಿಂದು ಮತ್ತೆ ಮಲಗುತ್ತದೆ. ನಿನ್ನ ಮೆಂತ್ಯ ಹೋಗಿರುವುದು ಆ ಹಗೇವಿಗೇ.

ಆದರೆ ಎಲ್ಲಾ ತಪ್ಪನ್ನೂ ಅದರ ಮೇಲೆ ಹೊರಿಸಬೇಡ. ಬೀಜ ಕೆದರುವುದು, ಎಳೆ ಸಸಿ ಕಡಿಯುವುದು, ಟೊಮೆಟೊ ಒಂದು ಕಡೆ ಕಚ್ಚಿ ಬಿಡುವುದು ಇದರ ಕೆಲಸ. ಬೀನ್ಸ್ ಗಿಡದ ಎಲೆಯೆಲ್ಲ ನೆಲಮಟ್ಟದವರೆಗೂ ಮಾಯವಾಗಿದ್ದರೆ ಅದು ಮೊಲ, ಇಲ್ಲಾ ಗ್ರೌಂಡ್‌ಹಾಗ್, ಅಂದರೆ ಬಿಲ ತೋಡುವ ಅಳಿಲಿನ ಜಾತಿಯದೇ ದಪ್ಪ ಪ್ರಾಣಿ. ಒಂದಡಿ ಅಗಲದ ತೂತು, ಮುಂದೆ ಮಣ್ಣಿನ ರಾಶಿ ಕಂಡರೆ ಖಂಡಿತ ಗ್ರೌಂಡ್‌ಹಾಗೇ.

ಈಗ ಮುಖ್ಯ ಮಾತು. ಇಡೀ ಹಿತ್ತಲಿನಿಂದ ಓಡಿಸುತ್ತೇನೆ ಅಂತ ಹೋಗಬೇಡ, ಆಗುವುದಿಲ್ಲ. ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ, ಸಲಕ್ಕೆ ನಾಲ್ಕೈದು. ಒಂದು ಬಿಲ ಖಾಲಿಯಾದರೆ ಪಕ್ಕದ ಹಿತ್ತಲಿನದು ಬಂದು ಸೇರಿಕೊಳ್ಳುತ್ತದೆ. ಊರಲ್ಲಿ ಜೋಳದ ಹೊಲದಲ್ಲಿ ಅಟ್ಟ ಕಟ್ಟಿ ಕವಣೆ ಬೀಸುತ್ತಿದ್ದದ್ದೂ ತೆನೆ ಹಾಲುಗಾಳಾಗಿರುವ ಕೆಲವು ವಾರ ಮಾತ್ರ ಅಲ್ವಾ, ವರ್ಷವಿಡೀ ಯಾರೂ ಹಕ್ಕಿ ಕಾಯುತ್ತಿರಲಿಲ್ಲ. ಹಾಗೆ ಇಲ್ಲಿಯೂ ಯಾವುದು ಮುಖ್ಯವೋ ಅದನ್ನಷ್ಟೇ ಕಾಯಬೇಕು. ನಿನ್ನ ಮಡಿ ಮತ್ತು ಮನೆಯ ಗೋಡೆ.

ಮಡಿಗೆ ಬೇಕಾದದ್ದು ತಂತಿ ಬಲೆ. ಅಂಗಡಿಯಲ್ಲಿ ಅದನ್ನು ಹಾರ್ಡ್‌ವೇರ್ ಕ್ಲಾತ್ ಅನ್ನುತ್ತಾರೆ. ಹೆಸರು ಕೇಳಿ ನಾನು ಬಟ್ಟೆ ಅಂದುಕೊಂಡು ಒಂದು ವರ್ಷ ಆ ಕಡೆ ನೋಡಲೇ ಇಲ್ಲ. ಕಾಲಿಂಚಿನ ಕಣ್ಣಿರುವುದನ್ನೇ ತಗೋ. ಕೋಳಿಗೂಡಿನ ಜಾಲರಿ ಅಗ್ಗ, ಆದರೆ ಅದರ ಕಣ್ಣಿನಲ್ಲಿ ಇದು ಸಲೀಸಾಗಿ ತೂರಿ ಬರುತ್ತದೆ. ಹಲಗೆ ಕಟ್ಟಿದ ಮಡಿಯಾದರೆ ಮಣ್ಣು ತುಂಬುವ ಮೊದಲೇ ತಳಕ್ಕೆ ಬಲೆ ಹಾಸಿ ಮೊಳೆ ಹೊಡೆ. ನೆಲದ ಮಡಿಯಾದರೆ ಸುತ್ತ ಆರೆಂಟು ಇಂಚು ಆಳಕ್ಕೆ ಹೂತು, ಕೆಳಗಿನ ಅಂಚನ್ನು ಹೊರಗಡೆಗೆ ಮಡಚಿಬಿಡು, ತೋಡುತ್ತಾ ಬಂದದ್ದು ತಂತಿ ತಗುಲಿ ವಾಪಸ್ ಹೋಗುತ್ತದೆ. ನಾನು ಮೊದಲ ಸಲ ನೆಲದ ಮೇಲಷ್ಟೇ ಬೇಲಿ ನಿಲ್ಲಿಸಿದ್ದೆ. ಎರಡೇ ದಿನದಲ್ಲಿ ಅಡಿಯಿಂದ ಒಳಗೆ ಬಂದಿತ್ತು.

ಬಿತ್ತಿದ ಮೇಲೆ ಮೇಲ್ಗಡೆಗೂ ಒಂದು ತುಂಡು ಮುಚ್ಚು, ಅಂಚಿಗೆ ಇಟ್ಟಿಗೆ ಇಡು. ಮೆಂತ್ಯ ನಾಲ್ಕೆಲೆ ಬಿಟ್ಟ ಮೇಲೆ ತೆಗೆದರೆ ಸಾಕು, ಆಮೇಲೆ ಅದಕ್ಕೆ ಆಸೆ ಇರುವುದಿಲ್ಲ. ಅವರೆ, ಹೀರೆ, ಬದನೆಯನ್ನು ನೇರ ಮಣ್ಣಿಗೆ ಹಾಕಬೇಡ. ಒಳಗೆ ಕಿಟಕಿ ಹತ್ತಿರ ಸಣ್ಣ ಕಪ್‌ಗಳಲ್ಲಿ ಮೊಳೆಸಿ, ಸಸಿ ಗೇಣುದ್ದ ಆದ ಮೇಲೆ ನೆಡು. ಹೇಗೂ ಮೇ ಕೊನೆಯವರೆಗೆ ಇಲ್ಲಿ ರಾತ್ರಿ ಚಳಿಗೆ ಅವು ಹೊರಗೆ ತಡೆಯುವುದಿಲ್ಲ. ಬಲೆ ಕತ್ತರಿಸುವಾಗ ಕೈಗವಸು ಹಾಕಿಕೋ, ಅಂಚು ಸೂಜಿಯ ಹಾಗೆ ಚುಚ್ಚುತ್ತದೆ.

ಖಾರದ ಪುಡಿ ಉದುರಿಸಲೇ ಅಂತಲೂ ಕೇಳಿದ್ದೀಯ. ಕೆಲಸ ಮಾಡುತ್ತದೆ, ಆದರೆ ಊರಿಂದ ತಂದ ಬ್ಯಾಡಗಿ ಪುಡಿ ಸುಮ್ನೆ ಹಾಳು ಮಾಡಬೇಡ. ಬ್ಯಾಡಗಿ ಇರುವುದು ಬಣ್ಣಕ್ಕೆ, ಅದರಲ್ಲಿ ಖಾರ ಕಡಿಮೆ. ನಾನು ಒಂದು ಡಬ್ಬಿ ಉದುರಿಸಿದ್ದೆ, ಕೆಂಪಗೆ ಚಂದ ಕಾಣುತ್ತಿದ್ದ ಮಣ್ಣಿನಲ್ಲೇ ಕೂತು ಎರಡೂ ಕೆನ್ನೆ ಉಬ್ಬಿಸಿಕೊಂಡು ಬೀಜ ತುಂಬಿಕೊಳ್ಳುತ್ತಿತ್ತು, ಅಡುಗೆಮನೆ ಕಿಟಕಿಯಿಂದ ನೋಡಿ ಹೊಟ್ಟೆ ಉರಿದುಹೋಯಿತು. ಗುಂಟೂರಿನಂಥ ಖಾರದ ಮೆಣಸು ಬೇಕು, ಮಳೆ ಬಂದಾಗಲೆಲ್ಲ ಮತ್ತೆ ಹಾಕಬೇಕು. ಡಾಂಬರ್ ಗುಳಿಗೆ ಮಾತ್ರ ಬಿಲಕ್ಕೆ ಹಾಕಬೇಡ. ಅದು ಮುಚ್ಚಿದ ಪೆಟ್ಟಿಗೆಯ ಬಟ್ಟೆಗೆ ಅಂತಲೇ ಇರುವುದು, ತೋಟಕ್ಕೆ ಬಳಸುವುದು ಇಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳಿಗೂ ಅಪಾಯ. ಬೋನಿನಲ್ಲಿ ಹಿಡಿದು ದೂರದ ಪಾರ್ಕಿಗೆ ಬಿಟ್ಟು ಬರುವುದೂ ಈ ರಾಜ್ಯದಲ್ಲಿ ತಪ್ಪು. ಶಬ್ದ ಮಾಡಿ ಓಡಿಸುವ ಯಂತ್ರ ಅಂತ ಒಂದು ಅಂಗಡಿಯವರು ನನಗೆ ಮಾರಿದ್ದರು, ಅದರ ಪಕ್ಕದಲ್ಲೇ ಬಿಲ ತೋಡಿತ್ತು.

ಅಮ್ಮನ ವಿಷಯ. ಬೆಳಿಗ್ಗೆ ಗುಬ್ಬಿಗೆ ಅಂತ ಮೆಟ್ಟಿಲ ಹತ್ತಿರ ಜೋಳ ಚೆಲ್ಲುತ್ತಾರೆ ಅಂದೆಯಲ್ಲ, ನಿಮ್ಮ ಮನೆಗೆ ಚಿಪ್‌ಮಂಕ್ ಬರುವುದಕ್ಕೆ ದೊಡ್ಡ ಕಾರಣ ಅದೇ. ಬಿಡಿಸಬೇಡ, ಪಾಪ, ಇಡೀ ದಿನ ಮನೆಯೊಳಗೆ ಕೂತಿರುವ ಜೀವಕ್ಕೆ ಅದೊಂದು ಊರಿನ ಕೆಲಸ ಉಳಿದಿದೆ. ಮನೆಯಿಂದ 15-20 ಅಡಿ ದೂರ ಕಂಬ ನಿಲ್ಲಿಸಿ ತಟ್ಟೆ ಕಟ್ಟು, ಕಂಬಕ್ಕೆ ಹತ್ತದ ಹಾಗೆ ತಗಡಿನ ಕೊಳವೆ ಹಾಕು, ಒಂದು ಹಿಡಿ ಮಾತ್ರ ಹಾಕಿ ಕೆಳಗೆ ಬಿದ್ದದ್ದನ್ನು ಸಂಜೆ ಗುಡಿಸಿಬಿಡು. ಕಾಳಿಗೆ ಖಾರದ ಪುಡಿ ಕಲಸಿದರೂ ನಡೆಯುತ್ತದೆ, ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ, ಚಿಪ್‌ಮಂಕ್‌ಗೆ ತಾಗುತ್ತದೆ.

ಗೋಡೆಗೆ ಅಂಟಿ ಕಟ್ಟಿಗೆ, ಕಲ್ಲು ಪೇರಿಸಬೇಡ, ಮೆಟ್ಟಿಲ ಕೆಳಗಿನ ಸಂದಿಗೂ ಅದೇ ಬಲೆ ಹೊಡೆ. ಇನ್ನೊಂದು, ಇದನ್ನು ಹಗುರವಾಗಿ ತಗೋಬೇಡ: ಚಿಪ್‌ಮಂಕ್, ಇಲಿಗಳ ರಕ್ತ ಹೀರಿದ ಉಣ್ಣಿಯಿಂದ ಇಲ್ಲಿ ಮನುಷ್ಯರಿಗೆ ಲೈಮ್ ರೋಗ ಬರುತ್ತದೆ. ಹಿತ್ತಲಿನಿಂದ ಒಳಗೆ ಬಂದ ಮೇಲೆ ಮಗುವಿನ ಕಿವಿ ಹಿಂದೆ, ಮೊಣಕಾಲ ಹಿಂದೆ, ಕೂದಲಲ್ಲಿ ದಿನಾ ನೋಡು, ಎಳ್ಳುಕಾಳಿನಷ್ಟೇ ಇರುತ್ತದೆ. ಕಂಡರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆ. ಆಮೇಲೆ ದದ್ದು, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗು. ಅಮ್ಮನಿಗೂ ಹೇಳು, ಸೀರೆಯಲ್ಲಿ ಹುಲ್ಲಿನ ಮೇಲೆ ಕೂರುವ ರೂಢಿ ಇರುತ್ತದೆ.

ನಿನ್ನ ಮಡಿ ಎಷ್ಟು ಉದ್ದ ಅಗಲ ಅಂತ ಅಳೆದು ಬರಿ. ನಮ್ಮ ಗ್ಯಾರೇಜಿನಲ್ಲಿ ಮೂರಡಿ ಅಗಲದ ಬಲೆಯ ಸುರುಳಿ ಅರ್ಧ ಉಳಿದಿದೆ, ತಗಡು ಕತ್ತರಿಸುವ ಕತ್ತರಿಯೂ ಇದೆ. ಭಾನುವಾರ ಬಂದು ತಗೊಂಡು ಹೋಗು, ಅಮ್ಮನನ್ನೂ ಕರೆದುಕೊಂಡು ಬಾ, ರೊಟ್ಟಿ ಮಾಡಿರುತ್ತೇನೆ.