ಓದುಗರ ಪ್ರಶ್ನೆ: ನೊರೆಯಲ್ಲ, ಪಿಎಚ್ ನೋಡಿ

ಪ್ರಶ್ನೆ: ಮನೆಯಲ್ಲಿ ಶುಂಠಿ ಹುಳಿಸಿ ಸೋಡಾ ಮಾಡುತ್ತೇವೆ. ಬಾಟಲಿಗೆ ಸ್ಟಾರ್ ಸ್ಯಾನ್ ಬಗೆಯ ಆಸಿಡ್ ಸ್ಯಾನಿಟೈಸರ್ ಬಳಸುತ್ತೇವೆ. ಬೋರ್‌ವೆಲ್ ನೀರಿಗೆ ಬೆರೆಸಿದರೆ ಹಾಲು ಹಾಕಿದ ಹಾಗೆ ಬೆಳ್ಳಗಾಗುತ್ತದೆ. ನೊರೆ ಮಾತ್ರ ಚೆನ್ನಾಗಿ ಬರುತ್ತದೆ. ಬಳಸಬಹುದೇ?
— ಓದುಗರು, ಅರಸೀಕೆರೆ

ಉತ್ತರ: ಮೊದಲು ಪಿಎಚ್ ಅಳೆಯಿರಿ. ಅದು ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. 3ಕ್ಕಿಂತ ಮೇಲಿದ್ದರೆ ಚೆಲ್ಲಿಬಿಡಿ. 3 ಅಥವಾ ಅದಕ್ಕಿಂತ ಕೆಳಗಿದ್ದರೆ ಆಗಲೇ ಬಳಸಿ ಮುಗಿಸಿ, ಬೆಳ್ಳಗಾದದ್ದನ್ನು ಎತ್ತಿಡಬೇಡಿ.

ಈ ದ್ರಾವಣದಲ್ಲಿ ಕೆಲಸ ಮಾಡುವವು ಎರಡು: ಫಾಸ್ಫರಿಕ್ ಆಮ್ಲ ಮತ್ತು ಡೋಡೆಸಿಲ್ ಬೆಂಜೀನ್ ಸಲ್ಫೋನಿಕ್ ಆಮ್ಲ. ಎರಡನೆಯದು ಡಿಟರ್ಜೆಂಟ್ ಜಾತಿಯದು. ನೊರೆ ಅದರದೇ, ಸೂಕ್ಷ್ಮಜೀವಿಯ ಪೊರೆ ಒಡೆಯುವುದೂ ಅದೇ. ಆದರೆ ಸುತ್ತಲಿನ ನೀರು ಚೆನ್ನಾಗಿ ಹುಳಿಯಿದ್ದರೆ ಮಾತ್ರ ಅದಕ್ಕೆ ಬಲ. ಹುಳಿ ಇಳಿದ ಮೇಲೂ ನೊರೆ ಬರುತ್ತಲೇ ಇರುತ್ತದೆ, ಮೋಸ ಹೋಗುವುದು ಅಲ್ಲೇ.

ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಸ್ನಾನದ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಆ ಸುಣ್ಣದಂಶವೇ ಇಲ್ಲೂ ಕೆಡಿಸುವುದು. ನೀರಿನ ಬೈಕಾರ್ಬೊನೇಟ್ ಆಮ್ಲವನ್ನು ತಿಂದುಹಾಕುತ್ತದೆ. ಕ್ಯಾಲ್ಸಿಯಂ ಆ ಡಿಟರ್ಜೆಂಟನ್ನು ಹಿಡಿದು ಕರಗದ ಬಿಳಿ ಪುಡಿ ಮಾಡುತ್ತದೆ. ನಿಮಗೆ ಕಂಡ ಬಿಳುಪು ಅದು. ಪಿಎಚ್ 3ರಿಂದ 4ಕ್ಕೆ ಏರಿತೆಂದರೆ ಹುಳಿ ಹತ್ತನೇ ಒಂದು ಪಾಲಿಗೆ ಇಳಿದಂತೆ.

ಆರ್‌ಒ ನೀರಿನಲ್ಲೇ ಬೆರೆಸಿ. ಲೀಟರಿಗೆ 1.6 ಮಿ.ಲೀ., ಅಂದರೆ 10 ಲೀಟರ್ ಬಕೆಟ್ಟಿಗೆ 16 ಮಿ.ಲೀ. ಮುಚ್ಚಳದ ಅಂದಾಜು ಬೇಡ, ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ. ಗಡಸು ನೀರಿಗೇ ಇನ್ನಷ್ಟು ಆಸಿಡ್ ಸುರಿದು ಸರಿಮಾಡಲು ಹೋಗಬೇಡಿ; ಪ್ರಮಾಣ ಮೀರಿದರೆ ಬಾಟಲಿಯನ್ನು ಮತ್ತೆ ನೀರಲ್ಲಿ ತೊಳೆಯದೆ ಬಳಸುವಂತಿಲ್ಲ. 1ರಿಂದ 14ರವರೆಗಿನ ಪಿಎಚ್ ಕಾಗದದ ಪಟ್ಟಿಯಲ್ಲಿ 3 ಯಾವುದು, 4 ಯಾವುದು ಎಂದು ಬಣ್ಣ ನೋಡಿ ಹೇಳುವುದು ಕಷ್ಟ. ಕಡಿಮೆ ವ್ಯಾಪ್ತಿಯ ಪಟ್ಟಿ ತನ್ನಿ, ಇಲ್ಲವೇ 4.01 ಬಫರಿನಲ್ಲಿ (ಪಿಎಚ್ 4.01 ಎಂದು ಗೊತ್ತಿರುವ ದ್ರಾವಣದಲ್ಲಿ) ಸರಿಹೊಂದಿಸಿದ ಮೀಟರ್ ಬಳಸಿ.

ಇನ್ನೊಂದು ಮಾತು. ಬಾಟಲಿಯನ್ನು ವಾಷಿಂಗ್ ಸೋಡಾದಲ್ಲಿ ತೊಳೆದಿದ್ದರೆ ಜಾರು ಹೋಗುವವರೆಗೂ ಜಾಲಿಸಿ. ಉಳಿದ ಕ್ಷಾರವೂ ಆಮ್ಲವನ್ನು ಕೊಲ್ಲುತ್ತದೆ. ಬ್ಲೀಚ್ ಜೊತೆ ಮಾತ್ರ ಎಂದೂ ಸೇರಿಸಬೇಡಿ, ಕ್ಲೋರಿನ್ ವಿಷಾನಿಲ ಬರುತ್ತದೆ.

ಪ್ರಶ್ನೆ: ಇಷ್ಟು ಹುಳಿ ದ್ರಾವಣ ಬಾಟಲಿಯಲ್ಲಿ ಉಳಿದರೆ ಸೋಡಾ ರುಚಿ ಕೆಡುವುದಿಲ್ಲವೇ? ಕೊನೆಗೊಮ್ಮೆ ನಲ್ಲಿ ನೀರಲ್ಲಿ ತೊಳೆದರೆ ತಪ್ಪೇನು?
— ಓದುಗರು, ಮೂಡಿಗೆರೆ

ಉತ್ತರ: ಕೆಡುವುದಿಲ್ಲ. ಬಾಟಲಿ ಬೋರಲು ಹಾಕಿದ ಮೇಲೆ ಒಳಗೆ 2 ಮಿ.ಲೀ. ಉಳಿಯಿತು ಎಂದುಕೊಳ್ಳಿ. ಅದರಲ್ಲಿ ಮೂಲ ಸ್ಯಾನಿಟೈಸರ್ ಇರುವುದು ಸುಮಾರು 0.003 ಮಿ.ಲೀ. 750 ಮಿ.ಲೀ. ಸೋಡಾದಲ್ಲಿ ನಾಲಿಗೆಗೆ ಅದು ಸಿಕ್ಕುವುದೇ ಇಲ್ಲ. ತೊಳೆದರೆ ಮಾತ್ರ ನಲ್ಲಿಯ ಸೂಕ್ಷ್ಮಜೀವಿಗಳನ್ನು ನೀವೇ ಮತ್ತೆ ಒಳಗೆ ಬಿಟ್ಟ ಹಾಗೆ. ಎರಡು ನಿಮಿಷ ಒಳಗೋಡೆ ಪೂರ್ತಿ ಒದ್ದೆಯಾಗಿರಲಿ, ಬೋರಲು ಹಾಕಿ, ನೊರೆ ಇದ್ದರೂ ತುಂಬಿಸಿ. ದ್ರಾವಣವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ, ಆಮ್ಲ ಲೋಹವನ್ನು ಕೊರೆಯುತ್ತದೆ.