ಸೋಫಾ ಅಂಚಿನ ಗೆರೆ ಹೋಗಲು
3ಡಿ ರೆಂಡರ್‌ನಲ್ಲಿ ಸೋಫಾ ಬಣ್ಣ ಬದಲಿಸಲು ಕಲರ್ ಮಾಸ್ಕ್ (ಒಂದೊಂದು ವಸ್ತುವಿಗೆ ಒಂದೊಂದು ಬಣ್ಣ ತುಂಬಿದ ಅದೇ ದೃಶ್ಯದ ಚಿತ್ರ) ಮೇಲೆ ಫೋಟೋಶಾಪ್‌ನ ಮ್ಯಾಜಿಕ್ ವಾಂಡ್ (ಒಂದೇ ಬಣ್ಣದ ಜಾಗ ಸೆಲೆಕ್ಟ್ ಮಾಡುವ ಟೂಲ್) ಬಳಸಿದರೆ ಅಂಚಿನಲ್ಲಿ ಹಳೇ ಬಣ್ಣದ ಗೆರೆ ಉಳಿಯುತ್ತದೆ. ಮಾಸ್ಕನ್ನು 800% ಜೂಮ್ ಮಾಡಿ ನೋಡಿ. ಕೆಂಪು ಸೋಫಾ ನೀಲಿ ಗೋಡೆಗೆ ತಾಗುವ ಕಡೆ ಒಂದೆರಡು ಪಿಕ್ಸೆಲ್ ನೇರಳೆ ಇರುತ್ತವೆ. ವಾಂಡ್ ಎಡವುವುದು ಅಲ್ಲೇ.

ವಾಂಡ್ ಬಿಡಿ. ಮಾಸ್ಕ್ ರೆಂಡರ್ ಮಾಡುವಾಗ ಸೋಫಾಗೆ ಅಪ್ಪಟ ಕೆಂಪು (255, 0, 0) ಎಮಿಷನ್ (ನೆರಳು ಬೀಳದೆ ತಾನೇ ಬೆಳಗುವ ಬಣ್ಣ) ಕೊಡಿ. ಬೇರೆ ಯಾವುದರಲ್ಲೂ ಕೆಂಪು ಬೆರೆತಿರಬಾರದು. ಫೋಟೋಶಾಪ್‌ನ ಚಾನೆಲ್ಸ್‌ನಲ್ಲಿ ಕಂಟ್ರೋಲ್ ಒತ್ತಿಕೊಂಡು ಕೆಂಪು ಚಾನೆಲ್‌ನ ಥಂಬ್‌ನೇಲ್ ಕ್ಲಿಕ್ ಮಾಡಿ. ನೇರಳೆ ಪಿಕ್ಸೆಲ್ ತನ್ನಲ್ಲಿರುವ ಕೆಂಪಿನಷ್ಟೇ ಸೆಲೆಕ್ಟ್ ಆಗುತ್ತದೆ, ಅಂಚು ನಯವಾಗಿ ಬರುತ್ತದೆ.

3ಡಿ ಸಾಫ್ಟ್‌ವೇರ್ ಬ್ಲೆಂಡರ್ ಆದರೆ ಮಾಸ್ಕ್ ರೆಂಡರ್‌ಗೆ ವ್ಯೂ ಟ್ರಾನ್ಸ್‌ಫಾರ್ಮ್ (ಬಣ್ಣ ತೋರಿಸುವ ಬಗೆಯ ಸೆಟ್ಟಿಂಗ್) ರಾ ಇರಲಿ. ಫಿಲ್ಮಿಕ್ ಆಯ್ಕೆ ಬಣ್ಣ ಕೆಡಿಸುತ್ತದೆ.

ಒಂದು ಮಾಸ್ಕ್‌ಗೆ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರೇ ವಸ್ತು ಹಿಡಿಸುತ್ತವೆ. ಜಾಸ್ತಿ ಇದ್ದರೆ ಕ್ರಿಪ್ಟೋಮ್ಯಾಟ್ (ಪ್ರತಿ ವಸ್ತುವಿಗೂ ತಾನೇ ಮಾಸ್ಕ್ ಮಾಡುವ ಸೌಲಭ್ಯ) ಆನ್ ಮಾಡಿ, 32 ಬಿಟ್ ಇಎಕ್ಸ್‌ಆರ್ (EXR) ಫೈಲ್‌ನಲ್ಲೇ ಸೇವ್ ಮಾಡಿ.